ಬಾಗಿಲು ತೆರೆಯದ ಬೆಟ್ಟ



ಕಳೆದ ತಿಂಗಳು ನಮ್ಮ ಯುವಕೂಟದವರು ರಾಯದುರ್ಗದ ಬೆಟ್ಟ ಹತ್ತಿದ್ದು ನಿಮಗೆ ನೆನಪಿರಬಹುದು. ಹಿಂದಿನ ರಾತ್ರಿ ವರ್ಷದ ಮೊದಲ ಮಳೆ ಬಿದ್ದಿತ್ತು. ಕೋಟೆಯ ಬಾಗಿಲು ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ನಾಲ್ಕು ಹುಡುಗರು ದಾರಿ ಬಿಟ್ಟು ಒದ್ದೆ ಬಂಡೆಯ ಕಡೆ ಓಡಿದರು. ಮೇಲಿಂದ ಕೂತು ಜಾರುವ ಆಸೆ ಅವರಿಗೆ. ನಾನು ಕೂಗಿ ನಿಲ್ಲಿಸಿದೆ. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಕೂಗಿದೆ ಎಂದು ಈಗ ಅನಿಸುತ್ತದೆ. ಅವರಲ್ಲೊಬ್ಬ, "ಅಣ್ಣಾ, ನೀವು ಅಮೆರಿಕದಲ್ಲಿ ಹಿಮದ ಬೆಟ್ಟದ ಮೇಲಿಂದಲೇ ಜಾರಿದೋರಂತೆ. ನಮಗ್ಯಾಕೆ ಬೇಡ ಅಂತೀರಿ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಉತ್ತರ ಮಾತ್ರ ಕೊಡಲಿಲ್ಲ.

ಉತ್ತರ ಸ್ವಲ್ಪ ಉದ್ದವಿದೆ, ಅದರಲ್ಲಿ ನಾನು ಹೇಳಿದ ಒಂದು ಸುಳ್ಳೂ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ರಾಯದುರ್ಗದಲ್ಲಿ. ಅಮ್ಮನ ತವರು ಮಡಕಶಿರಾ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ನಮ್ಮ ತಾತನ ಕಾಲದಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆದೋನಿ, ಆಲೂರಿನ ಜೊತೆ ನಮ್ಮ ತಾಲ್ಲೂಕೂ ಆ ಕಡೆ ಹೋಯಿತು. ಗಡಿ ಬದಲಾದರೂ ಬಂಡೆಗಳು ಬದಲಾಗಲಿಲ್ಲ. ಎರಡೂ ಊರುಗಳಲ್ಲಿ ತಲೆ ಎತ್ತಿದರೆ ಬೆಟ್ಟ, ಬೆಟ್ಟದ ತುಂಬ ಬಂಡೆ. ಬೇಸಿಗೆ ರಜೆ ಎಂದರೆ ನಮಗೆ ಜಾರುಬಂಡೆ. ಅಪ್ಪ ಊರಿನ ಬಹಳ ಜನರ ಹಾಗೆ ಜೀನ್ಸ್ ಹೊಲಿಗೆಯ ಕೆಲಸ ಮಾಡುತ್ತಿದ್ದರು. ಆದರೂ ನನ್ನ ಪ್ಯಾಂಟಿನ ಹಿಂಭಾಗ ತೂತಾಗದ ಬೇಸಿಗೆ ಒಂದೂ ಇರಲಿಲ್ಲ.

ಮಡಕಶಿರಾದ ತಾತ ಒಂದೇ ಒಂದು ನಿಯಮ ಇಟ್ಟಿದ್ದರು: ಮೊದಲ ಮಳೆ ಬಿದ್ದ ಮೇಲೆ ಬಂಡೆಗೆ ಹೋಗಬಾರದು. ಒಂದು ವರ್ಷದ ಧೂಳು, ಒಣಗಿ ಅಂಟಿಕೊಂಡ ಪಾಚಿ, ಅದರ ಮೇಲೆ ತೆಳ್ಳಗೆ ನೀರು. ನೋಡಲು ತೊಳೆದಿಟ್ಟ ಹಾಗೆ ಕಾಣುತ್ತದೆ, ಕಾಲಿಟ್ಟರೆ ಎಣ್ಣೆ. "ನಾಲ್ಕು ಮಳೆ ಬೀಳಲಿ, ಬಂಡೆ ತಾನೇ ತೊಳ್ಕೊಳ್ತದೆ, ಆಮೇಲೆ ಹೋಗು" ಎನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ನಾಲ್ಕು ಮಳೆಗೆ ಕಾಯುವುದೆಂದರೆ ಎಷ್ಟು ದಿನವೋ ನಿಮಗೇ ಗೊತ್ತು. ನಾವು ಕಾಯುತ್ತಿರಲಿಲ್ಲ. ಒಂದು ಸಲ ನನ್ನ ದೊಡ್ಡಪ್ಪನ ಮಗನ ಕಾಲು ಮುರಿಯಿತು. ಅದಾದ ಮೇಲೆ ಎರಡು ವರ್ಷ ಕಾದೆವು, ಮೂರನೆಯ ವರ್ಷ ಮರೆತೆವು.

ಹೀಗೆ ಬೆಳೆದವನು ಇಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಓದಲು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋದೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು ಅದು. ಊರಿನ ಬೆನ್ನಿಗೇ ವಾಸಾಚ್ ಪರ್ವತ ಸಾಲು. ಅದರಲ್ಲಿ ಲಿಟಲ್ ಕಾಟನ್‌ವುಡ್ ಎಂಬ ಕಣಿವೆ ಇದೆ. ಮೊದಲ ಸಲ ಆ ಕಣಿವೆಗೆ ಹೋದಾಗ ನನಗೆ ನಗು ಬಂತು. ಎರಡೂ ಬದಿಗೆ ಬೂದು ಬಿಳುಪಿನ ಬಂಡೆ, ಥೇಟ್ ನಮ್ಮೂರಿನ ಹಾಗೆ! ಆ ಊರಿನ ಮಾರ್ಮನ್ ಪಂಥದವರು ತಮ್ಮ ದೊಡ್ಡ ದೇವಾಲಯಕ್ಕೆ ಕಲ್ಲು ಒಡೆದು ತಂದದ್ದು ಆ ಕಣಿವೆಯಿಂದಲೇ. ವ್ಯತ್ಯಾಸವೆಂದರೆ ಚಳಿಗಾಲದಲ್ಲಿ ಆ ಬಂಡೆಗಳು ಕಾಣುವುದಿಲ್ಲ. ನಮ್ಮ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 55 ಸೆಂಟಿಮೀಟರ್. ಆ ಕಣಿವೆಯ ತುದಿಯಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮ 12 ಮೀಟರಿಗೂ ಹೆಚ್ಚು. ಅದೂ ಎಷ್ಟು ಹಗುರ ಎಂದರೆ ಹತ್ತು ಅಂಗುಲ ಹಿಮ ಕರಗಿಸಿದರೆ ಒಂದು ಅಂಗುಲ ನೀರು ಸಿಗುವುದೂ ಕಷ್ಟ. ಊದಿದರೆ ಹಾರುವ ಇಂಥ ಹಿಮಕ್ಕೆ ಅಲ್ಲಿನವರು ಪೌಡರ್ ಎನ್ನುತ್ತಾರೆ. ಅದಕ್ಕಾಗಿ ಜನ ಜಗತ್ತಿನ ಮೂಲೆಮೂಲೆಯಿಂದ ಬರುತ್ತಾರೆ.

ನಾನು ಕಲಿತದ್ದು ಸ್ನೋಬೋರ್ಡ್. ಸ್ಕೀ ಎಂದರೆ ಎರಡು ಕಾಲಿಗೆ ಎರಡು ಪಟ್ಟಿ. ಸ್ನೋಬೋರ್ಡಿನಲ್ಲಿ ಎರಡೂ ಕಾಲಿಗೆ ಒಂದೇ ಹಲಗೆ. 1965ರ ಕ್ರಿಸ್ಮಸ್ ದಿನ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬ ತಂದೆ ತನ್ನ ಮಗಳಿಗೆ ಆಡಲು ಎರಡು ಸ್ಕೀ ಪಟ್ಟಿ ಜೋಡಿಸಿ ಒಂದು ಹಲಗೆ ಮಾಡಿಕೊಟ್ಟ. ಅಲ್ಲಿಂದ ಬೆಳೆದ ಆಟ 1998ರಲ್ಲಿ ನಾಗಾನೋ ಒಲಿಂಪಿಕ್ಸ್ ಸೇರಿತು. ಜಾರುಬಂಡೆಯ ಅಭ್ಯಾಸವೋ ಏನೋ, ಮೊದಲ ಚಳಿಗಾಲದಲ್ಲಿ ಬಿದ್ದು ಬಿದ್ದು ಕಲಿತೆ. ಎರಡನೆಯ ಚಳಿಗಾಲ ಬರುವ ಹೊತ್ತಿಗೆ ನನಗೆ ಎಲ್ಲ ಬರುತ್ತದೆ ಎಂಬ ಧೈರ್ಯ ಬಂದಿತ್ತು.

ಅಲ್ಲಿನ ಸ್ಕೀ ರೆಸಾರ್ಟುಗಳು ಸಾಮಾನ್ಯವಾಗಿ ನವೆಂಬರ್ ಕೊನೆಗೆ ತೆರೆಯುತ್ತವೆ. ಆದರೆ ಹಿಮ ಅಕ್ಟೋಬರಿನಲ್ಲೇ ಬೀಳಲು ಶುರುವಾಗುತ್ತದೆ. ಲಿಫ್ಟ್ ಓಡುವುದಿಲ್ಲ, ಟಿಕೆಟ್ ಇಲ್ಲ, ಜನವಿಲ್ಲ. ಬೆಳಗಿನ ಜಾವ ಎದ್ದು, ಕಾಲಿಗೆ ಹಿಮದ ಬೂಟಿನ ಜಾಲರಿ ಕಟ್ಟಿ, ಬೋರ್ಡನ್ನು ಬೆನ್ನಿಗೆ ಬಿಗಿದು, ಎರಡು ಮೂರು ಗಂಟೆ ಬೆಟ್ಟ ಹತ್ತಿದರೆ ಯಾರೂ ತುಳಿಯದ ಹಿಮ ನಿಮ್ಮದೇ. ನನ್ನ ಜೊತೆ ಇಬ್ಬರು ಗೆಳೆಯರಿದ್ದರು. ಒಬ್ಬ ಗುಂತಕಲ್ಲಿನವನು. ಇನ್ನೊಬ್ಬ ನನ್ನ ಲ್ಯಾಬಿನ ಅಮೆರಿಕನ್, ಏಳನೆಯ ವಯಸ್ಸಿನಿಂದ ಹಿಮದಲ್ಲಿ ಬೆಳೆದವನು.

ಮೊದಲ ಸಲ ಹೋದದ್ದು ನವೆಂಬರ್ ಮೊದಲ ವಾರ, ಮೃತರ ಸ್ಮರಣೆಯ ಹಬ್ಬ ಮುಗಿದ ಶನಿವಾರ. ಕಡಿಮೆ ಇಳಿಜಾರಿನ ಬಯಲನ್ನೇ ಆರಿಸಿದೆವು. ಆ ಬೆಳಗಿನ ಬಗ್ಗೆ ಸುಳ್ಳು ಹೇಳಲಾರೆ. ಅಷ್ಟು ಖುಷಿ ನನಗೆ ಬದುಕಿನಲ್ಲಿ ಹೆಚ್ಚು ಸಲ ಆಗಿಲ್ಲ. ಹತ್ತುವಾಗ ನಮ್ಮ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಇಳಿಯುವಾಗ ಅದೂ ಇಲ್ಲ. ಹಲಗೆ ಹಿಮದೊಳಗೆ ಮುಳುಗಿ ಮುಂದೆ ಹೋಗುತ್ತದೆ, ನೆಲ ಸಿಗುವುದೇ ಇಲ್ಲ. ಕೆಳಗೆ ಬಂದು ತಿರುಗಿ ನೋಡಿದರೆ ಇಡೀ ಬೆಟ್ಟದ ಮೇಲೆ ಮೂರೇ ಮೂರು ಗೆರೆ. ದೇವರಿಗೆ ಧನ್ಯವಾದ ಹೇಳಿದೆ. ಮನಸ್ಸಿನಿಂದಲೇ ಹೇಳಿದೆ. ಖುಷಿ ಪಡುವುದು ತಪ್ಪು ಎಂದು ನಾನು ಈ ಲೇಖನದಲ್ಲಿ ಎಲ್ಲೂ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ.

ಮುಂದಿನ ವಾರ ಎರಡು ದಿನ ಬಿಡದೆ ಹಿಮ ಬಿತ್ತು. ಮೊಣಕಾಲಿನವರೆಗೆ ಹೊಸ ಹಿಮ. ಈ ಸಲ ನಮ್ಮ ಕಣ್ಣು ಬಿದ್ದದ್ದು ಕಡಿದಾದ ಒಂದು ಇಳಿಜಾರಿನ ಮೇಲೆ. ರಾಯದುರ್ಗದ ಗೆಳೆಯರಿಗೆಲ್ಲ ವಿಡಿಯೋ ಕಳಿಸುತ್ತೇನೆ ಎಂದು ಹಿಂದಿನ ರಾತ್ರಿಯೇ ಮೆಸೇಜ್ ಹಾಕಿದ್ದೆ. ನಾಲ್ಕು ಗಂಟೆಗೆ ಎದ್ದೆವು. ಗೇಟಿನ ಬಳಿ ಒಂದು ಬೋರ್ಡ್ ಇತ್ತು: ಬೆಟ್ಟ ಇನ್ನೂ ತೆರೆದಿಲ್ಲ, ಹಿಮಕುಸಿತ ತಡೆಯುವ ಕೆಲಸ ನಡೆದಿಲ್ಲ, ಗಸ್ತು ಇಲ್ಲ. ನಾನು ಅದನ್ನು ಓದಿ, "ಅಂದ್ರೆ ಕೇಳೋರೂ ಇಲ್ಲ" ಎಂದು ಜೋಕ್ ಮಾಡಿದೆ.

ಮೂರು ಗಂಟೆ ಹತ್ತಿದೆವು. ಸೂರ್ಯ ಬಂದಿದ್ದ. ಇಳಿಜಾರಿನ ಅಂಚು ಇನ್ನು ಇನ್ನೂರು ಹೆಜ್ಜೆ. ಆಗ ಕಾಲ ಕೆಳಗೆ "ವುಂಫ್" ಎಂಬ ಸದ್ದಾಯಿತು. ಅಕ್ಕಿ ಮೂಟೆಯನ್ನು ಅಟ್ಟದ ಮೇಲೆ ಎಸೆದ ಹಾಗೆ. ನಿಂತ ನೆಲ ಒಂದು ಅಂಗುಲ ಕುಸಿದು ನಿಂತಿತು. ಗುಂತಕಲ್ಲಿನವನೂ ನಾನೂ ನಕ್ಕೆವು. ಅಮೆರಿಕನ್ ನಗಲಿಲ್ಲ. ಬೆನ್ನಿನ ಚೀಲದಿಂದ ಸಲಿಕೆ ತೆಗೆದು ಅಲ್ಲೇ ಒಂದು ಗುಂಡಿ ತೋಡಿದ. ಗುಂಡಿಯ ಗೋಡೆಯಲ್ಲಿ ಪದರಗಳು ಕಾಣುತ್ತಿದ್ದವು. ಮೇಲೆ ಎರಡು ದಿನದ ಹೊಸ ಹಿಮ, ಗಾಳಿಗೆ ಗಟ್ಟಿಯಾಗಿ ಹಲಗೆಯಂತಾಗಿತ್ತು. ಅದರ ಕೆಳಗೆ ಅಕ್ಟೋಬರಿನ ಹಳೆಯ ಹಿಮ. ಅದನ್ನು ನನ್ನ ಕೈಗೆ ಹಾಕಿ, "ಉಂಡೆ ಮಾಡು ನೋಡೋಣ" ಎಂದ. ಮಾಡಲಾಗಲಿಲ್ಲ. ಒಣ ರವೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯಿತು.

ಇದರ ಕಾರಣ ನಾನು ತಿಳಿದದ್ದು ಆಮೇಲೆ. ಸೀಸನ್ ಶುರುವಿನಲ್ಲಿ ಹಿಮ ತೆಳ್ಳಗಿರುತ್ತದೆ. ಕೆಳಗಿನ ನೆಲ ಇನ್ನೂ ಬೆಚ್ಚಗೆ, ಮೇಲಿನ ಗಾಳಿ ಕೊರೆಯುವ ಚಳಿ. ನೆಲದ ಕಡೆಯಿಂದ ನೀರಾವಿ ಹಿಮದೊಳಗೆ ಮೇಲೆ ಏರುತ್ತಾ ಕಣಗಳ ಆಕಾರವನ್ನೇ ಬದಲಿಸುತ್ತದೆ. ಒಂದಕ್ಕೊಂದು ಅಂಟದ ದಪ್ಪ ಹರಳುಗಳಾಗುತ್ತವೆ. ಅದರ ಮೇಲೆ ಭಾರದ ಹೊಸ ಹಿಮ ಬಿದ್ದರೆ ರವೆಯ ಮೇಲೆ ಕಲ್ಲುಚಪ್ಪಡಿ ಇಟ್ಟ ಹಾಗೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ಭಾರ ಸಾಕು, ಇಡೀ ಚಪ್ಪಡಿ ಕಳಚಿಕೊಳ್ಳುತ್ತದೆ. ಹಿಮದಡಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಕಡಿಮೆ. ಹಾಗಾಗಿ ಹೂತವರನ್ನು ಕಾಪಾಡುವವರು ಜೊತೆಗಿದ್ದವರೇ, ಊರಿನಿಂದ ಬರುವವರಲ್ಲ.

"ನಾವು ವಾಪಸ್ ಹೋಗ್ತಿದ್ದೇವೆ" ಎಂದ ಅಮೆರಿಕನ್.

ನನಗೆ ಸಿಟ್ಟು ಬಂತು. ಮೂರು ಗಂಟೆ ಹತ್ತಿದ್ದೇವೆ. ಇನ್ನೂರು ಹೆಜ್ಜೆ ಉಳಿದಿದೆ. ಅಷ್ಟರಲ್ಲಿ ಇಳಿಜಾರಿನ ಆಚೆ ಬದಿಯಲ್ಲಿ ನಮಗಿಂತ ಮೊದಲು ಬಂದವರ ಎರಡು ಗೆರೆ ಕಂಡವು. "ನೋಡು, ಅವರು ಇಳಿದಿಲ್ವಾ?" ಎಂದೆ. "ಅವರಿಗೆ ಏನೂ ಆಗಲಿಲ್ಲ ಅನ್ನೋದಷ್ಟೇ ಅದರರ್ಥ" ಎಂದ. ನಾನು ಒಬ್ಬನೇ ಹೋಗುತ್ತೇನೆ ಎಂದೆ. ಅವನು ಕೂಗಲಿಲ್ಲ, ಕೈ ಹಿಡಿಯಲಿಲ್ಲ. "ನೀನು ಹೋದರೆ ನಿನ್ನನ್ನು ಹುಡುಕೋಕೆ ನಾನು ಅದೇ ಇಳಿಜಾರಿಗೆ ಬರಬೇಕು" ಎಂದಷ್ಟೇ ಹೇಳಿದ. ನನ್ನ ಪ್ರಾಣ ನನ್ನಿಷ್ಟ ಎಂದು ಹೇಳಲು ಬಾಯಿ ತೆರೆದವನು ಅಲ್ಲಿಗೆ ನಿಲ್ಲಿಸಿದೆ. ತಾತನ ನಿಯಮ ನೆನಪಾಗಿ ನಿಲ್ಲಿಸಿದೆ ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ. ಆದರೆ ನಿಜವಾಗಿ ತಾತ ನೆನಪಾಗಲಿಲ್ಲ. ನಾಚಿಕೆಯಾಯಿತು, ಅಷ್ಟೇ.

ಮರಗಳ ನಡುವಿನ ಸಪಾಟು ದಾರಿ ಹಿಡಿದು ಇಳಿದೆವು. ಸಿಟ್ಟಿನಲ್ಲಿ ನಾನೇ ಮುಂದೆ ಹೋದೆ. ಕೆಳಗೆ ಬರುತ್ತಾ ಹಿಮ ತೆಳ್ಳಗಾಗಿತ್ತು. ಅದರಡಿ ಮುಚ್ಚಿಕೊಂಡಿದ್ದ ಒಂದು ಬಂಡೆಗೆ ಹಲಗೆಯ ಮೂತಿ ಬಡಿಯಿತು. ನಾನು ಮುಂದಕ್ಕೆ ಹಾರಿ ಬಿದ್ದೆ. ಎಡ ಮಣಿಕಟ್ಟು ಮುರಿಯಿತು. ಸೀಸನ್ ಆಗಿದ್ದರೆ ಗಸ್ತಿನವರು ಸ್ಲೆಡ್ ತಂದು ಸ್ವಲ್ಪ ಹೊತ್ತಿನಲ್ಲೇ ಕೆಳಗಿಳಿಸುತ್ತಿದ್ದರು. ಅವತ್ತು ಯಾರಿದ್ದರು? ಮಫ್ಲರಿನಲ್ಲಿ ಕೈ ಕಟ್ಟಿಕೊಂಡು ಒಂದೂವರೆ ಗಂಟೆ ನಡೆದೆ. ನನ್ನ ಬೋರ್ಡನ್ನು ಆ ಅಮೆರಿಕನ್ ಗೆಳೆಯನೇ ಹೊತ್ತು ತಂದ. ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ನಾನು ಮಾಡಿದ ಜೋಕು ಕೆಳಗೆ ಗೇಟು ದಾಟುವಾಗ ನೆನಪಾಯಿತು. ಕೇಳೋರು ಇಲ್ಲ ಎಂದರೆ ತಡೆಯೋರು ಇಲ್ಲ ಎಂದು ಮಾತ್ರ ತಿಳಿದಿದ್ದೆ. ಕೂಗಿದರೆ ಬರೋರೂ ಇಲ್ಲ ಎಂಬುದು ಮಣಿಕಟ್ಟು ಮುರಿದ ಮೇಲೆ ತಿಳಿಯಿತು.

ಆ ರಾತ್ರಿ ಅಮ್ಮ ವಿಡಿಯೋ ಕಾಲ್ ಮಾಡಿದರು. ಕೈಯ ಪ್ಲಾಸ್ಟರ್ ಮುಚ್ಚಿಡಲು ಆಗಲಿಲ್ಲ. "ಬಾತ್‌ರೂಮಿನಲ್ಲಿ ಜಾರಿಬಿದ್ದೆ ಅಮ್ಮಾ" ಎಂದೆ. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಹುಷಾರಪ್ಪಾ" ಎಂದರು. ಜಪಸರ ತೆಗೆದುಕೊಂಡು ಹೋದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು: ಆ ಇಳಿಜಾರು ಮರುದಿನ ಕುಸಿಯಿತು, ನಾವು ಬದುಕಿದೆವು, ದೇವರು ದೊಡ್ಡವನು ಎಂದು. ಆದರೆ ಹಾಗಾಗಲಿಲ್ಲ. ಅದು ಕುಸಿಯಲೇ ಇಲ್ಲ. ಅದೇ ದಿನ ಮಧ್ಯಾಹ್ನ ಯಾರೋ ಮೂವರು ಅಲ್ಲಿಂದಲೇ ಇಳಿದು ವಿಡಿಯೋ ಹಾಕಿದ್ದರು. ಅದ್ಭುತವಾದ ವಿಡಿಯೋ. ಒಂದು ಕೈಯಲ್ಲಿ ಫೋನ್ ಹಿಡಿದು ಅದನ್ನು ಎಷ್ಟು ಸಲ ನೋಡಿದೆನೋ. ನಾವು ಸುಮ್ಮನೆ ಹೆದರಿದೆವು, ಅವನ ಮಾತು ಕೇಳಿ ಕೆಟ್ಟೆ ಎಂದು ವಾರಗಟ್ಟಲೆ ಕೊರಗಿದೆ.

ಆ ಕೊರಗು ಬಿಟ್ಟದ್ದು ಒಬ್ಬರ ಸಾವಿನ ಸುದ್ದಿ ಓದಿದಾಗ. ಜೇಮಿ ಪಿಯರ್ ಎಂಬ ಹೆಸರಾಂತ ಸ್ಕೀ ಆಟಗಾರ 2006ರಲ್ಲಿ ವಯೋಮಿಂಗ್‌ನ ಗ್ರ್ಯಾಂಡ್ ಟಾರ್ಗಿಯಲ್ಲಿ 255 ಅಡಿ ಎತ್ತರದ ಕಡಿಬಂಡೆಯಿಂದ ಜಿಗಿದು ವಿಶ್ವದಾಖಲೆ ಮಾಡಿದ್ದರು. ತಾನು ಕ್ರಿಸ್ತವಿಶ್ವಾಸಿ ಎಂದು ಎಲ್ಲೆಡೆ ಹೇಳಿಕೊಳ್ಳುತ್ತಿದ್ದ ಮನುಷ್ಯ. ಹೆಂಡತಿ, ಪುಟ್ಟ ಮಕ್ಕಳಿದ್ದ ಸಂಸಾರಸ್ಥ. 2011ರ ನವೆಂಬರ್ 13ರಂದು ಅದೇ ಲಿಟಲ್ ಕಾಟನ್‌ವುಡ್ ಕಣಿವೆಯ ಸ್ನೋಬರ್ಡ್‌ನಲ್ಲಿ, ಸೀಸನ್ ಇನ್ನೂ ತೆರೆಯುವ ಮೊದಲು, ಒಬ್ಬ ಗೆಳೆಯನ ಜೊತೆ ಬೆಟ್ಟ ಹತ್ತಿ ಸ್ನೋಬೋರ್ಡಿನಲ್ಲಿ ಇಳಿಯಲು ಹೊರಟರು. ಹಿಮದ ಚಪ್ಪಡಿ ಕಳಚಿ ಅವರನ್ನು ಬಂಡೆಗಳ ಮೇಲೆ ಎಳೆದೊಯ್ದಿತು. ಆಗ ಅವರ ವಯಸ್ಸು 38. ಅವರಿಗೆ ಅನುಭವ ಕಡಿಮೆಯಿತ್ತೇ? ವಿಶ್ವಾಸ ಕಡಿಮೆಯಿತ್ತೇ? ಎರಡೂ ಇರಲಿಲ್ಲ ಎನ್ನಲು ನಾನು ಯಾರು? ನಾನು ಹೋದ ಅದೇ ತಿಂಗಳು, ಅದೇ ಬಗೆಯ ಹಿಮ. ನನಗೂ ಅವರಿಗೂ ವ್ಯತ್ಯಾಸ ಇದ್ದದ್ದು ಸಲಿಕೆ ತೆಗೆದು ಗುಂಡಿ ತೋಡಿದ ಒಬ್ಬ ಗೆಳೆಯನ ಹಟ ಮಾತ್ರವೇನೋ ಎನಿಸಿತು.

ದೂರದ ಮಾತೇಕೆ? 2023ರ ಫೆಬ್ರವರಿ 1ರಂದು ನಮ್ಮ ಕಾಶ್ಮೀರದ ಗುಲ್ಮಾರ್ಗದ ಅಫರ್ವಟ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀ ಆಟಗಾರರು ತೀರಿಕೊಂಡರು. ಅದೇ ಗುಲ್ಮಾರ್ಗದ ಹಿಮದಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಪದಕಗಳನ್ನು ಗೆದ್ದಿದ್ದಾರೆ. ಹಿಮವೇ ಬೀಳದ ನಾಡಿನ ಹುಡುಗಿ! ಬೆಟ್ಟ ಎರಡನ್ನೂ ಕೊಡುತ್ತದೆ.

ಮುಂದಿನ ವರ್ಷ ನಾನು ಹಿಮಕುಸಿತದ ಬಗ್ಗೆ ಮೂರು ದಿನದ ತರಬೇತಿ ಪಡೆದೆ. ಹೂತವರನ್ನು ಹುಡುಕುವ ಯಂತ್ರ, ಉದ್ದನೆಯ ಕೋಲು, ಸಲಿಕೆ ಕೊಂಡೆ. ರೆಸಾರ್ಟು ತೆರೆಯುವ ಮೊದಲು ಅಲ್ಲಿ ಏನು ನಡೆಯುತ್ತದೆ ಎಂದು ಆಗ ತಿಳಿಯಿತು. ಗಸ್ತಿನವರು ಬೆಳಕು ಹರಿಯುವ ಮೊದಲೇ ಮೇಲೆ ಹೋಗಿ, ಸಿಡಿಮದ್ದು ಹಾಕಿ, ಬೀಳುವ ಹಿಮವನ್ನು ಜನ ಬರುವ ಮೊದಲೇ ಬೀಳಿಸುತ್ತಾರೆ. ಬಂಡೆಗಳಿಗೆ ಗುರುತು ನೆಡುತ್ತಾರೆ. ನಾನು ಬೆಟ್ಟ ತೆರೆಯುವುದೆಂದರೆ ಟಿಕೆಟ್ ಕೌಂಟರ್ ತೆರೆಯುವುದು ಎಂದುಕೊಂಡಿದ್ದೆ. ಅಷ್ಟು ಜನರ ಅಷ್ಟು ದಿನದ ಕೆಲಸಕ್ಕೆ ತೆರೆಯುವುದು ಎಂದು ಹೆಸರು. ಅದು ಆಗುವವರೆಗೆ ಅದು ರೆಸಾರ್ಟಲ್ಲ, ಬರೀ ಕಾಡುಬೆಟ್ಟ.

ತರಬೇತಿಯಲ್ಲಿ ಇನ್ನೊಂದು ಮಾತು ಕಲಿತೆ, ಅದನ್ನು ಬೆಟ್ಟದ ಹೊರಗೂ ಇಟ್ಟುಕೊಂಡಿದ್ದೇನೆ. ಇಳಿದು ಬದುಕಿ ಬಂದವನ ನಿರ್ಧಾರ ಸರಿಯಾಗಿತ್ತು ಎಂದೇನೂ ಅಲ್ಲ. ಅವನಿಗೆ ಏನೂ ಆಗಲಿಲ್ಲ, ಅಷ್ಟೇ. ಹಾಗೆಯೇ ಹಿಂದಿರುಗಿ ಬಂದವನಿಗೆ ರಸೀದಿ ಸಿಗುವುದಿಲ್ಲ. ನೀನು ಒಂದು ಅಪಾಯದಿಂದ ಪಾರಾದೆ ಎಂದು ಯಾರೂ ಬರೆದು ಕೊಡುವುದಿಲ್ಲ. ಹೆಲ್ಮೆಟ್ ಹಾಕಿಕೊಂಡು ಸುರಕ್ಷಿತವಾಗಿ ಮನೆ ತಲುಪಿದ ದಿನಕ್ಕೆ, ಕುಡಿದ ಗೆಳೆಯನ ಬೈಕ್ ಹತ್ತದ ರಾತ್ರಿಗೆ, ಎಲ್ಲರೂ ಒತ್ತಾಯಿಸಿದರೂ ಬೇಡ ಎಂದ ಒಂದು ಸಂಜೆಗೆ ವಿಡಿಯೋ ಇರುವುದಿಲ್ಲ. ದೇವಾಲಯದ ತುದಿಯಲ್ಲಿ ನಿಲ್ಲಿಸಿ ಧುಮುಕೆಂದು ಸೈತಾನ ಕೆಣಕಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ಅಲ್ಲಿ ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ.

ಓದು ಮುಗಿಸಿ ಊರಿಗೆ ಬಂದ ವರ್ಷ, ಒಂದು ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ನಡೆಯುವಾಗ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ನಿಲ್ಲಲೂ ಇಲ್ಲ. "ಗೊತ್ತಿತ್ತು ಬಿಡು" ಎಂದರು. ಹೇಗೆ ಎಂದು ಕೇಳಿದೆ. "ಬಾತ್‌ರೂಮಿನಲ್ಲಿ ಬಿದ್ದೋನ ಮುಖ ಬಿಸಿಲಿಗೆ ಸುಟ್ಟಿರ್ತದಾ? ಕಣ್ಣಿನ ಸುತ್ತ ಮಾತ್ರ ಬೆಳ್ಳಗಿತ್ತು, ಗೂಬೆ ಹಂಗೆ." ಹಿಮದ ಮೇಲಿನ ಬಿಸಿಲು ಮುಖ ಸುಡುತ್ತದೆ, ಕನ್ನಡಕ ಹಾಕಿದ ಜಾಗ ಬಿಟ್ಟು. ಅದು ನನಗೆ ಹೊಳೆದಿರಲಿಲ್ಲ. ಎಲ್ಲ ಗೊತ್ತಿದ್ದೂ ಯಾಕೆ ಬೈಯಲಿಲ್ಲ ಎಂದೆ. "ಬೈದಿದ್ರೆ ಮುಂದಿನ ಸಲ ಫೋನೂ ಎತ್ತುತಿರ್ಲಿಲ್ಲ ನೀನು" ಎಂದರು. ಆ ಎರಡು ವರ್ಷ ಅಮ್ಮ ಪ್ರತಿ ನವೆಂಬರಿನಲ್ಲಿ ಏನನ್ನು ಹೊತ್ತುಕೊಂಡು ಮಲಗುತ್ತಿದ್ದರು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.

ಆದ್ದರಿಂದ ತಮ್ಮಾ, ಅವತ್ತು ಬೆಟ್ಟದಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ಜಾರಬೇಡ ಎಂದು ನಾನು ಹೇಳಲಿಲ್ಲ. ಇವತ್ತು ಬೇಡ ಎಂದೆ. ನಾಲ್ಕು ಮಳೆ ಬೀಳಲಿ, ಬಂಡೆ ತೊಳೆದು ಒಣಗಲಿ. ಯಾವ ಬಂಡೆ ಎಂದು ನಾನೇ ತೋರಿಸುತ್ತೇನೆ, ನಾನೇ ಮೊದಲು ಜಾರುತ್ತೇನೆ. ಹಳೆಯ ಜೀನ್ಸ್ ಹಾಕಿಕೊಂಡು ಬನ್ನಿ. ಮನೆಯಲ್ಲಿ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ನಿಜ ಹೇಳಿ ಬನ್ನಿ.